ಮೂವತ್ತೆಂಟು ಹೆಬ್ಬೆಟ್ಟು

ಸ್ಟಾಂಪ್ ಪ್ಯಾಡಿನ ನೇರಳೆ ಶಾಯಿಗೆ ಕೊಬ್ಬರಿ ಎಣ್ಣೆ ಬೆರೆತ ವಾಸನೆ. ಬೇಲೂರಿನ ಸಬ್‌ರಿಜಿಸ್ಟ್ರಾರ್ ಕಚೇರಿಯ ಜಗಲಿಯ ಮೇಲೆ ಇಳಿಜಾರು ಮೇಜಿನ ಹಿಂದೆ ಕೂತು ಪತ್ರ ಬರೆಯುತ್ತಿದ್ದ ಅಪ್ಪನ ಪಂಚೆಗೆ ಸದಾ ಅಂಟಿಕೊಂಡಿರುತ್ತಿದ್ದ ವಾಸನೆ ಅದು. ಹೆಬ್ಬೆಟ್ಟು ಒತ್ತಿದವರು ಬೆರಳನ್ನು ಕಂಬಕ್ಕೋ ತಲೆಗೂದಲಿಗೋ ಒರೆಸಿಕೊಂಡು ಹೋಗುವುದು ಅಲ್ಲಿನ ವಾಡಿಕೆ. ಅಪ್ಪ ಮಾತ್ರ ಎಣ್ಣೆಯಲ್ಲಿ ನೆನೆಸಿದ ಬಟ್ಟೆಯ ಚೂರನ್ನು ತಗಡಿನ ಡಬ್ಬಿಯಲ್ಲಿಟ್ಟುಕೊಂಡು, "ತಗೊಳ್ಳಿ, ಇದರಲ್ಲಿ ಒರೆಸ್ಕೊಳ್ಳಿ" ಎಂದು ಕೊಡುತ್ತಿದ್ದರು. ಐವತ್ತು ವರ್ಷ ಕಳೆದ ಮೇಲೆ, ಹಳೇಬೀಡಿಗೆ ಹೋಗುವ ಬೆಳಗಿನ ಬಸ್ಸಿನಲ್ಲಿ ಆ ವಾಸನೆ ಎಲ್ಲಿಂದ ಎದ್ದು ಬಂತೋ ಆಂಡಾಳ್‌ಗೆ ತಿಳಿಯಲಿಲ್ಲ. ಪಕ್ಕದ ಹೆಂಗಸಿನ ತಲೆಯ ಎಣ್ಣೆ ಇರಬೇಕು. ಆಂಡಾಳ್ ಮುಖ ಸಿಂಡರಿಸಿ ಕಿಟಕಿಯ ಕಡೆಗೆ ಸರಿದಳು. ಆ ಹೆಂಗಸು ಜಾಗ ಸಾಲದೆಂದು ತಿಳಿದು, ಕಾಲ ಬಳಿಯಿದ್ದ ಚೀಲವನ್ನು ಮಡಿಲಿಗೆ ಎಳೆದುಕೊಂಡು ಇವಳಿಗೆ ಇನ್ನಷ್ಟು ಜಾಗ ಮಾಡಿಕೊಟ್ಟಳು. ಇವತ್ತು ಅಂಥ ಉಪಕಾರವೂ ಚುಚ್ಚುವಂತಿತ್ತು. ಯಾರು ಕೇಳಿದ್ದರು ಆ ಹೆಂಗಸನ್ನು.

ಇವತ್ತು ಹನ್ನೊಂದು ಗಂಟೆಗೆ ವಿಚಾರಣೆ. ಅದನ್ನು ನಡೆಸಲು ಬೆಂಗಳೂರಿನಿಂದ ಬರುವ ಡಾಕ್ಟರ್ ಅರುಣಾ ಅವರನ್ನು ಕರೆತರಲು ಡ್ರೈವರ್ ಮರಿಯಣ್ಣ ಬೆಳಿಗ್ಗೆಯೇ ಜೀಪು ತೆಗೆದುಕೊಂಡು ಅರಸೀಕೆರೆ ಸ್ಟೇಷನ್ನಿಗೆ ಹೋಗಿದ್ದಾನೆ. ಹಳೇಬೀಡಿನ ಕೆರೆ ದಾಟಿದ ಮೇಲೆ ಬಾಡಿಗೆ ಕಟ್ಟಡವೊಂದರಲ್ಲಿ ಸರ್ಕಾರಿ ವೈದ್ಯಕೀಯ ಸಂಶೋಧನಾ ಸಂಸ್ಥೆಯ ಸಣ್ಣ ಘಟಕವಿದೆ. ಸುತ್ತಲ ಹಳ್ಳಿಗಳ ಹೆಂಗಸರ ರಕ್ತಹೀನತೆ ಅದರ ಅಧ್ಯಯನ. ಆಂಡಾಳ್ ಅಲ್ಲಿನ ಆಡಳಿತಾಧಿಕಾರಿ. ನಿವೃತ್ತಿಗೆ ಇನ್ನು ಎಂಟು ತಿಂಗಳು. ರಕ್ತ ಕೊಡುವ ಪ್ರತಿಯೊಬ್ಬ ಹೆಂಗಸೂ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಬೇಕು. ಓದು ಬಾರದವಳಾದರೆ ಹೆಬ್ಬೆಟ್ಟು. ಆಗ ಘಟಕಕ್ಕೆ ಸಂಬಂಧಪಡದ, ಓದುಬಲ್ಲ ಒಬ್ಬರು ಎದುರಿಗೇ ಕೂತು, ಓದಿ ಹೇಳಿದ್ದನ್ನು ಕೇಳಿಸಿಕೊಂಡು, ಅದೇ ದಿನ ಸಾಕ್ಷಿ ಹಾಕಬೇಕು. ಹೋದ ವರ್ಷ ಜುಲೈನಲ್ಲಿ ಹುಲಿಕೆರೆಯ ಮೂವತ್ತೆಂಟು ಹೆಂಗಸರು ಹೆಬ್ಬೆಟ್ಟು ಒತ್ತಿದ ದಿನ ಓದುಬಲ್ಲವರು ಯಾರೂ ಊರಲ್ಲಿ ಸಿಕ್ಕಿರಲಿಲ್ಲ. ಸಾಕ್ಷಿಯ ಕಾಲಂ ಖಾಲಿ ಉಳಿಯಿತು. ಅದು ಆಂಡಾಳ್‌ಳ ಕಣ್ಣಿಗೆ ಬಿದ್ದದ್ದು ಈ ವರ್ಷ ಮೇ ತಿಂಗಳಲ್ಲಿ, ವಾರ್ಷಿಕ ವರದಿ ಕಳಿಸಬೇಕಾದ ವಾರ. ತಪ್ಪಾಗಿದೆ ಎಂದು ಮೇಲಕ್ಕೆ ಬರೆದು, ಮೂವತ್ತೆಂಟು ಜನರನ್ನೂ ಮತ್ತೆ ಕೂರಿಸಿ ಕೇಳಬೇಕಿತ್ತು. ಅದು ನಿಯಮ, ಮತ್ತು ಅದು ಅವಳಿಗೆ ಬಾಯಿಪಾಠ. ಆದರೆ ಅವಳು ಒಂದು ಹಳದಿ ಚೀಟಿ ಕಿತ್ತು ಕಟ್ಟಿನ ಮೇಲೆ ಅಂಟಿಸಿದಳು: ಸಾಕ್ಷಿ ಕಾಲಂ ಖಾಲಿ ಇದೆ. ಶುಕ್ರವಾರದೊಳಗೆ ತುಂಬಿಸಿ ಕಳಿಸುವುದು.

ಕಡತದಲ್ಲಿ ಉಳಿಯಬೇಕಾದದ್ದನ್ನು ಟಿಪ್ಪಣಿ ಹಾಳೆಯಲ್ಲಿ ಬರೆಯಬೇಕು, ಉಳಿಯಬಾರದ್ದನ್ನು ಹಳದಿ ಚೀಟಿಯಲ್ಲಿ. ಇದನ್ನು ಅವಳಿಗೆ ಯಾರೂ ಕಲಿಸಿರಲಿಲ್ಲ, ಮೂವತ್ನಾಲ್ಕು ವರ್ಷದ ನೌಕರಿಯಲ್ಲಿ ಕೈಗೇ ಬಂದಿತ್ತು. ಹಳದಿ ಚೀಟಿಗೆ ಪುಟಸಂಖ್ಯೆ ಇಲ್ಲ, ಸಹಿ ಇಲ್ಲ, ಎಳೆದರೆ ಬರುತ್ತದೆ, ಅಂಟಿದ ಗುರುತೂ ಇರುವುದಿಲ್ಲ. ಕಟ್ಟನ್ನು ಹುಲಿಕೆರೆಗೆ ಒಯ್ದವಳು ದೇವೀರಮ್ಮ, ಘಟಕದ ಹಳ್ಳಿ ಸಹಾಯಕಿ, ವರ್ಷವರ್ಷಕ್ಕೂ ನವೀಕರಿಸುವ ಕೆಲಸದವಳು. ಅಕ್ಷರ ಬಾರದು, ಆದರೆ ಯಾವ ಮನೆಯ ಯಾವ ಸೊಸೆ ಸೂಜಿ ಕಂಡರೆ ಹೆದರುತ್ತಾಳೆ ಎಂಬುದು ಗೊತ್ತು. ಚೀಟಿಯನ್ನು ಓದಿ ಹೇಳಿದವಳು ಅವಳ ಸೊಸೆ ಸೌಂದರ್ಯ. ಆ ಹುಡುಗಿಯೇ ಒಂದು ಸಂಜೆ ಕೂತು ಮೂವತ್ತೆಂಟು ಹಾಳೆಗೂ ಒಂದೇ ಪೆನ್ನಿನಲ್ಲಿ ಸಹಿ ಹಾಕಿಕೊಟ್ಟಳು. ಹೊಸದಾಗಿ ಮದುವೆಯಾದವಳು, ಹಿಗ್ಗಿನಿಂದ ಗಂಡನ ಹೆಸರನ್ನೂ ಸೇರಿಸಿ 'ಸೌಂದರ್ಯ ಮಧುಕುಮಾರ್' ಎಂದೇ ಬರೆದಿದ್ದಳು. ಹಾಳೆಗಳ ಮೇಲಿನ ತಾರೀಕು ಹೋದ ವರ್ಷದ ಜುಲೈ. ಮದುವೆ ಆದದ್ದು ಈ ಏಪ್ರಿಲ್‌ನಲ್ಲಿ. ನಾಲ್ಕು ಮೂಲೆಗೂ ಅರಿಶಿನ ಹಚ್ಚಿದ ಅದರ ಲಗ್ನಪತ್ರಿಕೆ ಆಫೀಸಿನ ನೋಟಿಸ್ ಬೋರ್ಡಿನಲ್ಲಿ ಇನ್ನೂ ಹಾಗೇ ಇತ್ತು. ಹೋದ ತಿಂಗಳು ತಪಾಸಣೆಗೆ ಬಂದ ಡಾಕ್ಟರ್ ಅರುಣಾ ಕಾಫಿ ಕುಡಿಯುತ್ತ ಅದರ ಮುಂದೆ ನಿಂತು ವಧೂವರರ ಹೆಸರನ್ನೂ ತಾರೀಕನ್ನೂ ಓದಿದ್ದರು.

ಆ ಮದುವೆಗೆ ಆಫೀಸಿನವರೆಲ್ಲ ಹೋಗಿದ್ದರು. ಎಲೆ ಹಾಕುವ ಹೊತ್ತಿಗೆ ದೇವೀರಮ್ಮ ತಾನೇ ಬಂದು, "ಅಮ್ಮಾವ್ರೆ, ಬಾಣಾವರದಿಂದ ಅಡುಗೆಯೋರ್ನ ಕರೆಸೀವಿ, ಎಲ್ಲಾ ನೇಮದೋರೇ, ಬನ್ನಿ" ಎಂದು ಕೈ ಹಿಡಿಯಲು ಹೋಗಿ, ಹಿಡಿಯದೆ ನಿಂತಳು. ಆಂಡಾಳ್, "ಇವತ್ತು ಏಕಾದಶಿ ಕಣಮ್ಮ, ನಾನು ಏನೂ ತಗೊಳ್ಳೋ ಹಾಗಿಲ್ಲ" ಎಂದು ತೆಂಗಿನಕಾಯಿ, ಬಾಳೆಹಣ್ಣು ಇಸಿದುಕೊಂಡು ಬಂದಿದ್ದಳು. ಅವತ್ತು ಏಕಾದಶಿ ಆಗಿರಲಿಲ್ಲ.

ಬಸ್ಸಿಳಿದು ಆಫೀಸಿಗೆ ಬಂದಾಗ ದೇವೀರಮ್ಮ ಜಗಲಿಯ ಬೆಂಚಿನ ಮೇಲೆ, ಬೆಂಚಿನ ತುದಿಯಲ್ಲಿ, ಈಗಲೋ ಆಗಲೋ ಎಬ್ಬಿಸಿಯಾರು ಎಂಬಂತೆ ಕೂತಿದ್ದಳು. ಒಗೆದ ಸೀರೆ, ಮಡಿಲಲ್ಲಿ ಊಟದ ಡಬ್ಬಿಯ ಚೀಲ. ವಿಚಾರಣೆ ಗೊತ್ತಾದ ಹದಿನೈದು ದಿನದಿಂದ ಹಳ್ಳಿಗೆ ಕಳಿಸದೆ ಅವಳನ್ನು ಅಲ್ಲೇ ಕೂರಿಸಿದ್ದರು. ಯಾವಾಗಲೂ ಎದ್ದು ನಿಲ್ಲುತ್ತಿದ್ದವಳು ಇವತ್ತು ಏಳಲಿಲ್ಲ. ಏಳದಿದ್ದದ್ದು ಆಂಡಾಳ್‌ಗೆ ಸಿಟ್ಟು ತರಿಸಿತು; ಸಿಟ್ಟು ಬಂದದ್ದು ಒಳಗೊಳಗೇ ಸಮಾಧಾನವನ್ನೂ ತಂದಿತು. ಇವಳಿಗೇನು ಬುದ್ಧಿ ಬೇಡವೇ. ತುಂಬಿಸಿ ಎಂದರೆ ಸೊಸೆಯ ಕೈಲಿ ಗೀಚಿಸು ಎಂದೇ? ಹೀಗೆ ಹದಿನೈದು ದಿನದಿಂದ ಅವಳು ತನ್ನೊಳಗೇ ವಾದಿಸುತ್ತಿದ್ದಳು, ಪ್ರತಿಸಲವೂ ಗೆಲ್ಲುತ್ತಿದ್ದಳು, ಗೆದ್ದ ಮೇಲೆ ನಿದ್ದೆ ಬರುತ್ತಿರಲಿಲ್ಲ. ಪ್ರಯೋಗಾಲಯದ ಶಿಲ್ಪಾ ಬಾಗಿಲಲ್ಲಿ ಎದುರಾದವಳು ಗುಡ್ ಮಾರ್ನಿಂಗ್ ಹೇಳದೆ ಗೋಡೆಯ ಕಡೆ ತಿರುಗಿ ದಾರಿ ಬಿಟ್ಟಳು. ದಾರಿ ಬಿಡುವುದರಲ್ಲೂ ಇಷ್ಟು ಅಸಹ್ಯ ತೋರಿಸಬಹುದು ಎಂದು ಆಂಡಾಳ್‌ಗೆ ಗೊತ್ತಿರಲಿಲ್ಲ. ಎಲ್ಲರಿಗೂ ಗೊತ್ತಿದೆ. ಯಾರೂ ಹೇಳುವುದಿಲ್ಲ. ಘಟಕದ ಮುಖ್ಯಸ್ಥ ವಿಜಯಸಾರಥಿ ತಮ್ಮ ಕೋಣೆಗೆ ಕರೆದು, ಕಂಪ್ಯೂಟರಿನಿಂದ ಕಣ್ಣು ತೆಗೆಯದೆ ಕೇಳಿದರು: "ನಿಮ್ಮ ಕಡೆಯಿಂದ ಬರಹದಲ್ಲಿ ಏನೂ ಹೋಗಿಲ್ಲ, ಅಲ್ವಾ ಮೇಡಂ?"

"ಕಡತದಲ್ಲಿ ಏನೂ ಇಲ್ಲ ಸಾರ್."

"ನಾನು ಕೇಳಿದ್ದಕ್ಕೂ ನೀವು ಹೇಳಿದ್ದಕ್ಕೂ ಸ್ವಲ್ಪ ವ್ಯತ್ಯಾಸ ಇದೆ. ಇರಲಿ, ಅಷ್ಟು ಸಾಕು. ಆಯಮ್ಮ ಹೇಗೂ ಕಾಂಟ್ರ್ಯಾಕ್ಟ್ ಮೇಲಿರೋಳು. ಇಲ್ಲಿಗೇ ಮುಗಿಸೋಣ."

ಮುಗಿಸೋಣ. ಹೊರಗೆ ಬಂದಾಗ ಮರಿಯಣ್ಣ ಆಗಲೇ ಬಂದಿದ್ದ. ಡಾಕ್ಟರಿಗೆ ಪಿಂಗಾಣಿ ಕಪ್ಪಿನಲ್ಲಿ ಕಾಫಿ ಕೊಟ್ಟು, ಉಳಿದದ್ದನ್ನು ಸ್ಟೀಲ್ ಲೋಟಕ್ಕೆ ಬಗ್ಗಿಸಿ, ಬಿಸಿಗೆ ತನ್ನ ಕರ್ಚೀಫು ಸುತ್ತಿ ದೇವೀರಮ್ಮನ ಕೈಗೆ ಕೊಡುತ್ತಿದ್ದ. "ಕುಡಿಯಕ್ಕ. ನೇಣೇನೂ ಹಾಕಲ್ಲ ಬಿಡು."

"ಹಾಕೋದಾದ್ರೆ ಹಗ್ಗ ನೀನೇ ತರ್ಬೇಕಲ್ಲ ಮರಿಯಣ್ಣ, ಜೀಪಿರೋದು ನಿನ್ ತಾವೇ" ಎಂದಳು ದೇವೀರಮ್ಮ. ಇಬ್ಬರೂ ನಕ್ಕರು. ಆಂಡಾಳ್ ಹಾದುಹೋಗುವಾಗ ನಗು ನಿಂತಿತು, ಅವಳು ದಾಟಿದ ಮೇಲೂ ಮತ್ತೆ ಶುರುವಾಗಲಿಲ್ಲ.

ಡಾಕ್ಟರ್ ಅರುಣಾ ತೆಳ್ಳಗಿನ, ದನಿ ಎತ್ತದ ಹೆಂಗಸು. ಮೇಜಿನ ಮೇಲೆ ಮೂವತ್ತೆಂಟು ಹಾಳೆಗಳನ್ನು ಇಸ್ಪೀಟಿನ ಎಲೆಗಳಂತೆ ಹರಡಿದ್ದರು. ಪ್ರತಿ ಹಾಳೆಯಲ್ಲೂ ಒಂದು ನೇರಳೆ ಬೆರಳು. ಕೆಲವು ಒತ್ತಿ ಜಾರಿದವು, ಕೆಲವು ಅಂಜುತ್ತ ಮುಟ್ಟಿದವು. ಒಂದರಲ್ಲಿ ಗೆರೆಗಳೇ ಇಲ್ಲ, ಇಟ್ಟಿಗೆ ಹೊತ್ತು ಸವೆದ ಬೆರಳಿರಬೇಕು. ಅಪ್ಪನಾದರೆ ಬೆರಳನ್ನು ತಾವೇ ಹಿಡಿದು, ಎಡದಿಂದ ಬಲಕ್ಕೆ ಹೊರಳಿಸಿ ಒತ್ತಿಸುತ್ತಿದ್ದರು. ಕಮಲಾಕ್ಷಮ್ಮನ ಬೆರಳನ್ನೂ ಹಾಗೇ ಒತ್ತಿಸಿದ್ದರು. ಬಸ್ ಸ್ಟ್ಯಾಂಡಿನ ಹತ್ತಿರದ ಕಿರಾಣಿ ಅಂಗಡಿಯವರ ವಿಧವೆ ಆಕೆ. ಮೈದುನ ಬರೆಸಿದ ಪತ್ರದಲ್ಲಿ ಏನಿದೆಯೆಂದು ಆಕೆಗೆ ಯಾರೂ ಓದಿ ಹೇಳಲಿಲ್ಲ, ಸಾಕ್ಷಿ ಹಾಕಿದವರು ಅಪ್ಪ. ಅಂಗಡಿ ಮೈದುನನ ಪಾಲಾದದ್ದು ತಿಳಿದ ಮೇಲೆ ಆಕೆ ಬಂದು ಎದುರು ಮನೆಯ ಜಗಲಿಯ ಮೇಲೆ ಒಂದು ಇಡೀ ದಿನ ಕೂತಳು, ಬೈಯಲಿಲ್ಲ, ಅಳಲಿಲ್ಲ. ಮಧ್ಯಾಹ್ನ ಅಮ್ಮ ಮೊಸರನ್ನದ ತಟ್ಟೆ ಕೊಟ್ಟು ಎಂಟು ವರ್ಷದ ಆಂಡಾಳ್‌ಳನ್ನು ಕಳಿಸಿದಳು. ಕಮಲಾಕ್ಷಮ್ಮ ತಟ್ಟೆಯನ್ನೂ ನೋಡಲಿಲ್ಲ, ಹುಡುಗಿಯನ್ನೂ ನೋಡಲಿಲ್ಲ. ಚಾಚಿದ ಕೈ ನಡುಗುವವರೆಗೆ ನಿಂತು, ತಟ್ಟೆಯನ್ನು ಹಾಗೇ ವಾಪಸ್ ತಂದದ್ದು ನೆನಪಿದೆ. ಅಪ್ಪ ಅವತ್ತು ಉಣ್ಣಲಿಲ್ಲ. ಎಣ್ಣೆಯ ಬಟ್ಟೆ ಕೊಟ್ಟವರೂ ಅವರೇ.

"ಈ ಹುಡುಗಿ ಜುಲೈನಲ್ಲಿ ಎಲ್ಲಿದ್ಲು?" ಡಾಕ್ಟರ್ ಅರುಣಾ ಕೇಳುತ್ತಿದ್ದರು.

"ಬಾಣಾವರದಾಗೆ, ಅವರಪ್ಪನ ಮನೇಲಿ" ಎಂದಳು ದೇವೀರಮ್ಮ. ಅವಳಿಗೆ ಯಾರೂ ಕುರ್ಚಿ ತೋರಿಸಿರಲಿಲ್ಲ.

"ಅಂದ್ರೆ ಇವಳು ಇದನ್ನ ನೋಡೇ ಇಲ್ಲ."

"ಇಲ್ಲ."

"ಮತ್ತೆ ಸಹಿ ಹಾಕ್ಸಿದ್ದು ಯಾಕೆ? ಯಾರಾದ್ರೂ ಹೇಳಿದ್ರಾ ನಿಮಗೆ?"

ಫ್ಯಾನು ತಿರುಗುತ್ತಿತ್ತು. ಅದರ ಒಂದು ರೆಕ್ಕೆ ಸ್ವಲ್ಪ ಬಾಗಿದೆ, ಪ್ರತಿ ಸುತ್ತಿಗೂ ಟಕ್ ಎನ್ನುತ್ತದೆ. ರಿಪೇರಿಗೆ ಬರೆಯಬೇಕೆಂದು ಆಂಡಾಳ್ ಎರಡು ವರ್ಷದಿಂದ ಅಂದುಕೊಳ್ಳುತ್ತಿದ್ದಾಳೆ. ದೇವೀರಮ್ಮ ಅವಳ ಕಡೆ ನೋಡಲಿಲ್ಲ. ನೋಡಿದ್ದರೆ ಆಂಡಾಳ್ ಅವಳನ್ನು ದ್ವೇಷಿಸಬಹುದಿತ್ತು. ದೇವೀರಮ್ಮ ಫ್ಯಾನನ್ನೇ ನೋಡುತ್ತ ಹೇಳಿದಳು: "ಯಾರೂ ಹೇಳ್ಲಿಲ್ಲ. ಖಾಲಿ ಐತಲ್ಲ ಅಂತ ನಂಗೇ ತೋಚ್ತು, ಹಾಕ್ಸಿದೆ."

ವಿಜಯಸಾರಥಿ ಕುರ್ಚಿಯಲ್ಲಿ ಹಿಂದಕ್ಕೆ ಒರಗಿದರು. "ಹೇಳಿಕೆ ಬರ್ಕೊಂಬಿಡಿ ಮೇಡಂ. ನಿಮ್ಮ ಅಕ್ಷರ ಚೆನ್ನಾಗಿದೆ."

ಆಂಡಾಳ್ ಬರೆದಳು. ನನ್ನ ಸ್ವಂತ ತಿಳಿವಳಿಕೆಯಿಂದ, ಯಾರ ಸೂಚನೆಯೂ ಇಲ್ಲದೆ. ಬರೆಯುವಾಗ ಒಂದಕ್ಷರವೂ ಸೊಟ್ಟಗಾಗಲಿಲ್ಲ, ಅದಕ್ಕೇ ಅವಳಿಗೆ ಭಯವಾಯಿತು. ಮೂವತ್ನಾಲ್ಕು ವರ್ಷದಿಂದ ಈ ಕೈ ಯಾರು ಏನು ಹೇಳಿದರೂ ಹೀಗೆಯೇ ಸಾಲು ನೇರವಾಗಿ ಬರೆಯುತ್ತ ಬಂದಿದೆ. ಓದಿ ಹೇಳಿದಳು. ದೇವೀರಮ್ಮ ತಲೆ ಆಡಿಸಿದಳು. ಶಿಲ್ಪಾ ಸ್ಟಾಂಪ್ ಪ್ಯಾಡು ತಂದು ಮುಚ್ಚಳ ತೆಗೆದಾಗ ಆ ವಾಸನೆ ಎದ್ದಿತು, ಬಸ್ಸಿನದಲ್ಲ, ಬೇಲೂರಿನ ಜಗಲಿಯದು. ದೇವೀರಮ್ಮ ಎಡಗೈ ಹೆಬ್ಬೆರಳನ್ನು ಅದ್ದಿ, ಮೂವತ್ತೆಂಟು ಜನಕ್ಕೆ ತಾನೇ ತೋರಿಸಿಕೊಟ್ಟಿದ್ದಂತೆ ಅಂಚಿನಿಂದ ಅಂಚಿಗೆ ಹೊರಳಿಸಿ ಒತ್ತಿದಳು. ಸ್ವಚ್ಛವಾದ ಗುರುತು. ಆಮೇಲೆ ಬೆರಳನ್ನು ತಲೆಗೂದಲಿಗೆ ಒರೆಸಿಕೊಂಡಳು.

"ಹೆಬ್ಬೆಟ್ಟು ಅಂದ್ರೆ ಸಾಕ್ಷಿ ಬೇಕಲ್ವಾ" ಎಂದರು ವಿಜಯಸಾರಥಿ. "ನೀವೇ ಹಾಕ್ಬಿಡಿ ಮೇಡಂ."

ಪೆನ್ನು ಕೈಯಲ್ಲೇ ಇತ್ತು. ಸಾಕ್ಷಿ ಎಂದು ಅವಳೇ ಬರೆದು, ಮುಂದೆ ಗೆರೆ ಎಳೆದು ಬಿಟ್ಟಿದ್ದ ಜಾಗ. ಎಂಟು ತಿಂಗಳು. ಹಾಕಿದರೆ ಎಲ್ಲ ಇಲ್ಲಿಗೇ ನಿಲ್ಲುತ್ತದೆ: ದೇವೀರಮ್ಮ ನಾಳೆಯಿಂದ ಬರುವುದಿಲ್ಲ, ಬೀಳ್ಕೊಡುಗೆಯ ದಿನ ಹಾರ ಹಾಕಿ ಫೋಟೊ ತೆಗೆಯುತ್ತಾರೆ, ಶಿಲ್ಪಾ ಕೂಡ ಪಕ್ಕದಲ್ಲಿ ನಿಂತು ನಗುತ್ತಾಳೆ. ಪೆನ್ನಿನ ತುದಿ ಕಾಗದಕ್ಕೆ ತಾಗಿ ಒಂದು ಚುಕ್ಕೆ ಮೂಡಿತು. ಆ ಚುಕ್ಕೆಯನ್ನು ನೋಡುತ್ತ ಅವಳಿಗೆ ಇದ್ದಕ್ಕಿದ್ದಂತೆ ಎಲ್ಲರ ಮೇಲೂ ತಡೆಯಲಾರದ ಹಗೆ ಬಂತು. ಹಿಂದಕ್ಕೆ ಒರಗಿ ಕೂತವರ ಮೇಲೆ, ಫ್ಯಾನು ನೋಡುತ್ತ ನಿಂತವಳ ಮೇಲೆ, ಒಂದು ದಿನ ಉಪವಾಸ ಮಾಡಿ ಮುಗಿಸಿಬಿಟ್ಟ ಅಪ್ಪನ ಮೇಲೆ.

"ನಾನು ಹಾಕೋಕಾಗಲ್ಲ" ಎಂದಳು. "ಈ ಹೇಳಿಕೆ ಸುಳ್ಳು. ಶುಕ್ರವಾರದೊಳಗೆ ತುಂಬಿಸಿ ಅಂತ ನಾನೇ ಬರೆದು ಕಳಿಸಿದ್ದೆ. ಹಳದಿ ಚೀಟಿಯಲ್ಲಿ."

ಡಾಕ್ಟರ್ ಅರುಣಾ ಕನ್ನಡಕ ತೆಗೆದರು. "ಇಷ್ಟು ದಿನ ಯಾಕೆ ಹೇಳ್ಲಿಲ್ಲ?"

"ಹೆದರಿದ್ದೆ."

"ಮೇಡಂಗೆ ಈಚೆಗೆ ಆರೋಗ್ಯ ಅಷ್ಟು ಸರಿಯಿಲ್ಲ" ಎಂದರು ವಿಜಯಸಾರಥಿ ಮೃದುವಾಗಿ. ಅವಳು ಅಲ್ಲಿ ಇಲ್ಲವೇ ಇಲ್ಲ ಎನ್ನುವ ಹಾಗಿತ್ತು ಆ ಮೃದುತನ. "ಯಾವ ಚೀಟಿ? ಎಲ್ಲಿದೆ? ಕಾಗದ ಇಲ್ಲದೆ ಇಂಥದ್ದನ್ನೆಲ್ಲ ದಾಖಲು ಮಾಡೋಕಾಗುತ್ತಾ ಡಾಕ್ಟರ್?"

ಆಂಡಾಳ್ ಪೆನ್ನಿಗೆ ಕ್ಯಾಪು ಹಾಕಿದಳು. ತನ್ನ ತಪ್ಪಿಗೂ ಪುಟಸಂಖ್ಯೆ ಬೇಕು. ಗುರುತು ಉಳಿಯದ ಹಾಗೆ ಬರೆಯುವುದನ್ನು ಅಷ್ಟು ಚೆನ್ನಾಗಿ ಕಲಿತಿದ್ದಳು.

"ಚೀಟಿ ಐತೆ" ಎಂದಳು ದೇವೀರಮ್ಮ, ಇನ್ನೂ ಫ್ಯಾನಿನ ಕಡೆಗೇ ನೋಡುತ್ತ. "ನಮ್ಮ ಸೊಸೆ ಮನೇಲಿ ಕ್ಯಾಲೆಂಡರಿಗೆ ಅಂಟಿಸವ್ಳೆ. ಅಕ್ಸರ ಮುತ್ತಿನಂಗೈತೆ ಅತ್ತೆ, ಬಿಸಾಕಕ್ಕೆ ಮನಸಾಗಲ್ಲ, ಅಂದ್ಲು."

ಮರಿಯಣ್ಣ ಜೀಪು ತೆಗೆದುಕೊಂಡು ಹುಲಿಕೆರೆಗೆ ಹೋಗಿ ಬರಲು ಮುಕ್ಕಾಲು ಗಂಟೆ ಹಿಡಿಯಿತು. ಆ ಹೊತ್ತಿನಲ್ಲಿ ಕೋಣೆಯಲ್ಲಿ ಯಾರೂ ಆಂಡಾಳ್‌ಳನ್ನು ನೋಡಲಿಲ್ಲ. ಶಿಲ್ಪಾ ಮಾತ್ರ ಗೋಡೆ ಬದಿಯ ಕುರ್ಚಿಯೊಂದನ್ನು ಎಳೆದು ತಂದು ದೇವೀರಮ್ಮನ ಹಿಂದೆ ಇಟ್ಟಳು. ಮರಿಯಣ್ಣ ಚೀಟಿ ಕೀಳಲು ಹೆದರಿ ಕ್ಯಾಲೆಂಡರನ್ನೇ ಸುರುಳಿ ಸುತ್ತಿಕೊಂಡು ತಂದಿದ್ದ. ಒಪ್ಪಿಗೆ ಪತ್ರಗಳ ಮೇಲೆ ಅದನ್ನು ಬಿಚ್ಚಿ ಹರಡಿದರು: ಮೇಲೆ ಲಿಂಗಪೂಜೆಯಲ್ಲಿ ಕೂತ ಸ್ವಾಮಿಗಳ ಚಿತ್ರ, ಕೆಳಗೆ ಕೊಬ್ಬರಿ ಮಂಡಿಯ ಹೆಸರು, ಮೇ ತಿಂಗಳ ಹಾಳೆಯ ಒಂದು ಶುಕ್ರವಾರದ ಮೇಲೆ ಅಂಚು ಸುರುಟಿದ ಹಳದಿ ಚೀಟಿ. ಹಾಲಿನ ಲೆಕ್ಕದ ಗೀಟುಗಳ ಮಧ್ಯೆ ಅವಳ ಅಕ್ಷರ ನಿಜಕ್ಕೂ ಚೆನ್ನಾಗಿ ಕಾಣುತ್ತಿತ್ತು. ಡಾಕ್ಟರ್ ಅರುಣಾ ಎರಡು ಸಲ ಓದಿ, ಮೊದಲ ಹೇಳಿಕೆಗೆ ಅಡ್ಡಗೆರೆ ಹೊಡೆದು, ಕ್ಯಾಲೆಂಡರಿನ ಹಾಳೆಗೆ ಪುಟಸಂಖ್ಯೆ ಹಾಕಿದರು. ದೇವೀರಮ್ಮನನ್ನು ತೆಗೆಯುವ ಪ್ರಶ್ನೆ ಈಗ ಇಲ್ಲ, ಎಚ್ಚರಿಕೆ ಕೊಟ್ಟರೆ ಸಾಕೆಂದು ಬರೆಯುತ್ತೇನೆ, ಎಂದರು. ಆಂಡಾಳ್ ಮೇಲೆ ಇಲಾಖಾ ವಿಚಾರಣೆ. ಅದು ಮುಗಿಯುವ ತನಕ ಪಿಂಚಣಿಯ ಕಾಗದ ಕದಲುವುದಿಲ್ಲ, ಅದು ಅವಳಿಗೆ ಹೇಳದೆಯೂ ಗೊತ್ತು. "ಸಾಕ್ಷಿ ಸುಳ್ಳಾದ ಮೇಲೆ ರಕ್ತ ಮಾತ್ರ ಉಳಿಸೋಕಾಗಲ್ಲ. ಮೂವತ್ತೆಂಟೂ ನಾಶ ಮಾಡಬೇಕು" ಎಂದರು ಡಾಕ್ಟರ್ ಅರುಣಾ.

"ನಾಸ ಅಂದ್ರೆ?" ದೇವೀರಮ್ಮ ಮೊದಲ ಸಲ ಫ್ಯಾನು ಬಿಟ್ಟು ಕೆಳಗೆ ನೋಡಿದಳು.

"ಸುಟ್ಟುಬಿಡ್ತಾರೆ."

"ಅವರಿಗೇನಂತ ಹೇಳ್ಲಿ ನಾನು? ಒಬ್ಬೊಬ್ಬಳ ಕೈಯೂ ನಾನೇ ಹಿಡ್ಕಂಡಿದ್ದೆ."

ವಿಜಯಸಾರಥಿ ಎದ್ದು ಆಂಡಾಳ್ ಪಕ್ಕ ಹಾಯುವಾಗ ತಗ್ಗಿದ ದನಿಯಲ್ಲಿ ಹೇಳಿದರು: "ಒಳ್ಳೇ ಕೆಲಸ ಮಾಡಿದ್ರಿ. ಘಟಕ ಮುಚ್ಚಿಸಿದ ಪುಣ್ಯವೂ ನಿಮಗೇ ಬರಲಿ."

ಊಟದ ಹೊತ್ತಿಗೆ ಆಫೀಸಿನ ಊಟದ ಕೋಣೆಯ ಬಾಗಿಲು ಒಳಗಿನಿಂದ ಮುಚ್ಚಿತ್ತು. ಡಬ್ಬಿಗಳ ಸದ್ದು, ಶಿಲ್ಪಾಳ ದನಿ, ಯಾರೋ ಉಪ್ಪಿನಕಾಯಿ ಕೇಳಿದ್ದು ಕೇಳಿಸಿತು. ತಟ್ಟಿದ್ದರೆ ತೆಗೆಯುತ್ತಿದ್ದರು, ತೆಗೆದು ಸುಮ್ಮನಾಗುತ್ತಿದ್ದರು. ಬೆಳಿಗ್ಗೆ ಆಂಡಾಳ್‌ಗೆ ಅಡಿಗೆ ಮಾಡುವ ಮನಸ್ಸಿರಲಿಲ್ಲ, ಡಬ್ಬಿ ತಂದಿರಲಿಲ್ಲ. ಹಿತ್ತಿಲ ಮೆಟ್ಟಿಲ ಮೇಲೆ ಹೋಗಿ ಕೂತಳು. ಗೋಡೆಯ ಆಚೆ ರಕ್ತ ಇಡುವ ಫ್ರೀಜರಿನ ಗುಂಯ್‌ಗುಡುವಿಕೆ. ಆ ಮೂವತ್ತೆಂಟು ಜನ ಅದರೊಳಗೆ ಇನ್ನೂ ತಣ್ಣಗಿದ್ದಾರೆ. ಹಗುರವಾಗುತ್ತದೆ ಎಂದುಕೊಂಡಿದ್ದಳು. ಹಾಗೇನೂ ಆಗಲಿಲ್ಲ. ಹೇಳಿದ್ದು ದೇವೀರಮ್ಮನಿಗಾಗಿಯೋ, ಅಪ್ಪನನ್ನು ಸೋಲಿಸುವುದಕ್ಕೋ, ಅದೂ ಗೊತ್ತಾಗಲಿಲ್ಲ. ದೂರದಲ್ಲಿ ಕೆರೆಯ ನೀರು ಬಿಸಿಲಿಗೆ ತಗಡಿನ ಹಾಗೆ ಹೊಳೆಯುತ್ತಿತ್ತು, ಕಣ್ಣಿಗೆ ಚುಚ್ಚುತ್ತಿತ್ತು.

ದೇವೀರಮ್ಮ ಬಂದು ಎರಡು ಮೆಟ್ಟಿಲು ಕೆಳಗೆ ಕೂತಳು. ಬೆನ್ನು ಇವಳ ಕಡೆಗೆ. ಚೀಲದಿಂದ ಡಬ್ಬಿ ತೆಗೆದವಳು ಮುಚ್ಚಳ ತೆರೆಯದೆ ಮಡಿಲಲ್ಲಿಟ್ಟುಕೊಂಡಳು.

"ಚೀಟಿ ಇದ್ದಿದ್ದು ಮೊದಲೇ ಯಾಕೆ ಹೇಳ್ಲಿಲ್ಲ?" ಆಂಡಾಳ್ ಕೇಳಿದಳು.

"ಹೇಳಿದ್ರೆ ನೀವು ಇಲ್ಲ ಅಂತಿದ್ರಿ."

ಆಂಡಾಳ್ ಕೆರೆಯ ಕಡೆ ನೋಡಿದಳು.

"ನನ್ನ ಮಖ ನೋಡ್ಕಂಡು ಇಲ್ಲ ಅಂತಿದ್ರಿ. ಕೆಲಸ ಹೋದ್ರೆ ಕಾಯಿ ಸುಲಿಯಕ್ಕಾದ್ರೂ ಹೋಗ್ಬೋದು. ಅದೊಂದ್ನ ನಿಮ್ಮ ಬಾಯಿಂದ ಕೇಳ್ಬಾರ್ದು ಅನ್ನುಸ್ತು." ಡಬ್ಬಿಯನ್ನು ಮಡಿಲಲ್ಲಿ ಸರಿಮಾಡಿಕೊಂಡು ಸೇರಿಸಿದಳು: "ಹದಿನೈದು ದಿನ ಆ ಬೆಂಚಿನ ಮೇಲೆ ಕೂತಿದ್ದೆ. ದಿನಾ ನನ್ನ ಮುಂದೇ ಹೋದ್ರಿ, ಬಂದ್ರಿ."

"ನಾಳೆ ಹುಲಿಕೆರೆಗೆ ನಾನೂ ಬರ್ತೀನಿ. ಮನೆಮನೆಗೂ ನಾನೇ ಹೇಳ್ತೀನಿ."

"ಬನ್ನಿ. ಬೈತಾರೆ."

"ಬೈಲಿ."

"ನಾನೂ ಅವರ ಜೊತೆ ಸೇರ್ಕಂಡು ಬೈತೀನಿ" ಎಂದಳು ದೇವೀರಮ್ಮ. ಅದು ತಮಾಷೆಯಾಗಿರಲಿಲ್ಲ. ಒಳಗೆ ಊಟ ಮುಗಿದು ನಲ್ಲಿ ಬಿಟ್ಟ ಸದ್ದಾಯಿತು. ಅವಳು ಆಗ ಕತ್ತು ತಿರುಗಿಸಿ, ಬೆಳಗಿನಿಂದ ಮೊದಲ ಸಲ, ಆಂಡಾಳ್‌ಳ ಮುಖವನ್ನು ನೇರವಾಗಿ ನೋಡಿದಳು. "ಮದುವೆ ದಿನ ಏಕಾದಸಿ ಇರ್ಲಿಲ್ಲ, ಅಮ್ಮಾವ್ರೆ. ಕ್ಯಾಲೆಂಡರು ನಮ್ಮನೇಲೂ ಐತಲ್ಲ, ಸೊಸೆ ನೋಡಿ ಹೇಳಿದ್ಲು."

ಆಂಡಾಳ್‌ಗೆ ಎದ್ದು ಹೋಗಬೇಕೆನಿಸಿತು. ಎದ್ದರೆ ಹೋಗುವುದಕ್ಕೆ ಜಾಗವೇ ಇರಲಿಲ್ಲ. ಮುಖ ಸುಡುತ್ತಿತ್ತು, ಆ ಉರಿಯಲ್ಲಿ ಇಡೀ ವಿಚಾರಣೆ ಸಣ್ಣದಾಗಿ ಕಂಡಿತು. ದೇವೀರಮ್ಮ ಡಬ್ಬಿಯ ಮುಚ್ಚಳ ತೆಗೆದಳು. ರಾಗಿ ರೊಟ್ಟಿ, ಹುಚ್ಚೆಳ್ಳಿನ ಚಟ್ನಿ, ಮೂಲೆಯಲ್ಲಿ ಹುರುಳಿಕಾಯಿ ಪಲ್ಯ. ಎರಡು ರೊಟ್ಟಿಯಲ್ಲಿ ಒಂದನ್ನು ಮುಚ್ಚಳಕ್ಕೆ ಹಾಕಿ, ಚಟ್ನಿಯನ್ನು ಅರ್ಧ ಮಾಡಿ, ಪಲ್ಯವನ್ನು ಅರ್ಧಕ್ಕಿಂತ ಹೆಚ್ಚು ಅದರ ಪಕ್ಕಕ್ಕೆ ಸರಿಸಿದಳು. ಉಗುರಿನ ಸಂದಿಯಲ್ಲಿ ನೇರಳೆ ಶಾಯಿ ಇನ್ನೂ ಉಳಿದಿತ್ತು. ಮುಚ್ಚಳ ಹಿಡಿದ ಕೈಯನ್ನು ಮೇಲಿನ ಮೆಟ್ಟಿಲ ಕಡೆಗೆ ಚಾಚಿದಳು, ಚಾಚಿ ಹಾಗೇ ಹಿಡಿದಳು. ಆ ಕೈ ನಡುಗುವ ಮೊದಲು ಆಂಡಾಳ್ ತನ್ನ ಎರಡೂ ಕೈ ಮುಂದೆ ಮಾಡಿದಳು.